ಹಗುರ ಎಳೆತದ ಬಿಲ್ಲು

ಬಲ ಎದೆಯನ್ನು ತೆಗೆದ ಮೇಲೆ ನನ್ನ ಬಲತೋಳು ಭುಜದ ಮಟ್ಟಕ್ಕಿಂತ ಮೇಲೆ ಏಳದಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಆಮೇಲೆ ಅದೇ ಜಾಗಕ್ಕೆ ವಾರಗಟ್ಟಲೆ ವಿಕಿರಣ ಕೊಟ್ಟರು. ಇದು 2004ರ ಮಾತು. ಆಗ ನಾವು ನಾರ್‌ಕ್ರಾಸ್‌ನಲ್ಲಿದ್ದೆವು. ಉದುರಿದ ಕೂದಲು ತಿರುಗಿ ಬಂತು, ಸತ್ತಂತಿದ್ದ ನಾಲಗೆಗೆ ಉಪ್ಪು ಹುಳಿ ಮತ್ತೆ ತಿಳಿಯತೊಡಗಿತು. ಭುಜ ಮಾತ್ರ ಬರಲಿಲ್ಲ. ಬಾಚಣಿಗೆ ಹಿಡಿದರೆ ಕೈ ತಲೆಯವರೆಗೆ ಹೋಗುತ್ತಿರಲಿಲ್ಲ, ತಲೆಯನ್ನೇ ಕೈಯವರೆಗೆ ಬಗ್ಗಿಸಬೇಕಾಗುತ್ತಿತ್ತು.

ಫಿಸಿಕಲ್ ಥೆರಪಿ ಮಾಡಿಸುತ್ತಿದ್ದ ಹೆಂಗಸು ಮೊದಲ ದಿನವೇ ಕೇಳಿದ್ದಳು, "ಈ ಕೈಯಿಂದ ಮತ್ತೆ ಏನು ಮಾಡಬೇಕು ಅಂತ ನಿಮಗೆ ಆಸೆ?" ಮೇಲಿನ ಶೆಲ್ಫಿನ ಪಾತ್ರೆ ತೆಗೆಯಬೇಕು, ಮೊಮ್ಮಗುವನ್ನು ಎತ್ತಿಕೊಳ್ಳಬೇಕು, ಇಂಥ ಉತ್ತರಗಳು ಅವಳಿಗೆ ಅಭ್ಯಾಸವಾಗಿದ್ದವೇನೋ. ನಾನು, "ಬಿಲ್ಲು ಎಳೆಯಬೇಕು" ಎಂದಾಗ ಬರೆಯುತ್ತಿದ್ದವಳು ತಲೆ ಎತ್ತಿ ನೋಡಿದಳು. ಸೀರೆ ಉಡುವ ದೇಶದಿಂದ ಬಂದ ಗಿಡ್ಡ ಹೆಂಗಸೊಬ್ಬಳು ಜಿಂಕೆ ಬೇಟೆಯ ಮಾತಾಡುತ್ತಾಳೆಂದು ಅವಳು ಎಣಿಸಿರಲಿಲ್ಲ.

ನಾನೂ ಎಣಿಸಿರಲಿಲ್ಲ. ನಾನು ಉಡುಪಿ ಕಡೆಯ ಕ್ರೈಸ್ತರ ಮನೆಯವಳು, ಗಂಡ ಧಾರವಾಡ ಸೀಮೆಯವನು. ಮನೆಯಲ್ಲಿ ಅವನು ಅವನ ಕನ್ನಡ ಆಡುತ್ತಿದ್ದ, ನಾನು ನನ್ನದು. ಮಕ್ಕಳಿರಲಿಲ್ಲ. ಅವನಿಗೆ ಎಂಜಿನಿಯರ್ ಕೆಲಸ. ನನಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ಗುರುತಿಸುವ ಕೆಲಸ. ಅವಳಿ ಗೋಪುರಗಳು ಉರುಳಿದ 2001ರ ಆ ಶರತ್ಕಾಲದಲ್ಲಿ ಎಲ್ಲರೂ ಟಿವಿಯ ಮುಂದೆ ಮಂಕಾಗಿ ಕೂತಿದ್ದಾಗ ಗಂಡನ ಸಹೋದ್ಯೋಗಿಯೊಬ್ಬ, "ಮನೆಯೊಳಗೆ ಕೂತು ಹುಚ್ಚು ಹಿಡಿಸಿಕೊಳ್ಳಬೇಡಿ, ನನ್ನ ಜೊತೆ ಬನ್ನಿ" ಎಂದು ಕರೆದ. ದಕ್ಷಿಣ ಕೆರೊಲಿನಾದ ಗಡಿ ದಾಟಿದರೆ ಸಿಗುವ ಅವನ ಅಜ್ಜನ ಕಾಡಿಗೆ ನಾವಿಬ್ಬರೂ ಹೋದೆವು. ಗಂಡ ಬೇಟೆಗೆಂದು ಹೋದ. ನಾನು ಒಬ್ಬಳೇ ಮನೆಯಲ್ಲಿರಲಾರದೆ ಹೋದೆ.

ಅಲ್ಲಿ ಹುಲ್ಲಿನ ಪಿಂಡಿಗೆ ಗುರಿಯಿಟ್ಟು ಹೊಡೆಯಲು ನನ್ನ ಕೈಗೂ ಒಂದು ಬಿಲ್ಲು ಕೊಟ್ಟರು. ಅದು ಚಿತ್ರಗಳಲ್ಲಿ ಕಾಣುವ ಬಾಗಿದ ಕೋಲಲ್ಲ. ಎರಡು ತುದಿಗೂ ಸಣ್ಣ ರಾಟೆಗಳಿರುವ ಯಂತ್ರದಂಥ ಬಿಲ್ಲು. ಹೆದೆಯನ್ನು ಹಿಂದಕ್ಕೆ ಸೆಳೆಯುವಾಗ ಅರ್ಧ ದಾರಿಯವರೆಗೆ ತೋಳು ಕಿತ್ತುಬರುವಷ್ಟು ಭಾರ, ಆಮೇಲೆ ರಾಟೆ ತಿರುಗಿ ಭಾರವೆಲ್ಲ ಇಳಿದುಹೋಗುತ್ತದೆ. ಹಾಗೆ ಹಗುರಾಗಿ ಹಿಡಿದು ನಿಲ್ಲುವ ಆ ಒಂದು ಕ್ಷಣಕ್ಕೆ ನಾನು ಮರುಳಾದೆ. ಅಲ್ಲಿ ಉಸಿರೂ ಕೇಳಿಸುವುದಿಲ್ಲ. ಮೂರು ವರ್ಷಗಳಲ್ಲಿ ಗಂಡನಿಗಿಂತ ನನ್ನ ಗುರಿ ಚೆನ್ನಾಯಿತು. ತಂದ ಮಾಂಸಕ್ಕೆ ಊರಿನಿಂದ ಬಂದ ಬಾಫಾತ್ ಮಸಾಲೆ ಪುಡಿ ಹಾಕಿ ಬೇಯಿಸುತ್ತಿದ್ದೆ. ಅವನು ರೊಟ್ಟಿ ತಟ್ಟುತ್ತಿದ್ದ. ನಮ್ಮ ಮದುವೆಯಲ್ಲಿ ನನಗೆ ನೆನಪಿರುವ ಒಳ್ಳೆಯ ದಿನಗಳು ಅವು.

ಚಿಕಿತ್ಸೆ ಮುಗಿದ ಮಾರನೆಯ ವರ್ಷ ವಸಂತದಲ್ಲಿ ಥೆರಪಿಯವಳು, "ಎಳೆತ ಹಗುರಾಗಿರುವ ಬಿಲ್ಲಾದರೆ ಪ್ರಯತ್ನ ಮಾಡಿ ನೋಡಬಹುದು" ಎಂದಳು. ಅಷ್ಟೇ ಅವಳು ಹೇಳಿದ್ದು. ಗಂಡ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಮುಂದಿನ ಅಕ್ಟೋಬರಿಗೆ ನೀ ಕಾಡಿನ್ಯಾಗ ಇರ್ತಿ. ಬರ್ಕೊಂಡ್ ಇಟ್ಕೋ" ಎಂದ.

"ಬೇಡ ಮಾರಾಯ. ಹಾಲಿನ ಗ್ಯಾಲನ್ ಎತ್ತಲಿಕ್ಕೆ ಆಗುವುದಿಲ್ಲ ನನಗೆ."

"ಹಾಲಿನ ಗ್ಯಾಲನ್ನಿಗೆ ರಾಟಿ ಇರೂದಿಲ್ಲ. ಬಿಲ್ಲಿಗೆ ಐತಿ. ನಡಿ."

ಶನಿವಾರ ನನ್ನನ್ನು ಬಿಲ್ಲಿನ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನಿಗೆ ನನ್ನ ಪರಿಚಯವಿತ್ತು. ನಾನು ತೋಳು ಊದದಂತೆ ಬಿಗಿಯಾದ ತೊಗಲು ಬಣ್ಣದ ಕವಚ ಹಾಕಿದ್ದನ್ನು ನೋಡಿದ, ಏನಾಯಿತೆಂದು ಕೇಳಲಿಲ್ಲ. ಗೋಡೆಯಿಂದ ಹೊಸ ಬಿಲ್ಲೊಂದನ್ನು ಇಳಿಸಿಕೊಟ್ಟ. ಅದು ವೇಗಕ್ಕೆಂದೇ ಮಾಡಿದ್ದು, ಅದರ ರಾಟೆ ಗುಂಡಗಿರಲಿಲ್ಲ, ಮೊಟ್ಟೆಯಂತೆ ಕೋಚಾಗಿತ್ತು. ಹೆದೆಗೆ ಬೆರಳು ಹಾಕಿ ಒಂದು ಗೇಣು ಎಳೆಯುವಷ್ಟರಲ್ಲಿ ಪೂರ್ತಿ ಭಾರ ಒಮ್ಮೆಲೇ ಭುಜದ ಮೇಲೆ ಬಿತ್ತು. ಕಂಕುಳಿನಿಂದ ಮೊಣಕೈಯವರೆಗೆ ಕಾದ ತಂತಿ ಎಳೆದ ಹಾಗಾಯಿತು. ಬಿಟ್ಟುಬಿಟ್ಟೆ. ಎರಡನೆಯದು ತೂಕದಲ್ಲಿ ಹಗುರ, ಅಳತೆಯಲ್ಲಿ ಗಿಡ್ಡ. ಅದರ ಎಳೆತ ಸುರುವಿನಲ್ಲಿ ಸಲೀಸು, ನಡುವೆ ಒಂದು ದಿಣ್ಣೆ ಹತ್ತಿಸಿದ ಹಾಗೆ ಕೈಯನ್ನು ತಡೆಯುತ್ತಿತ್ತು. ಆ ದಿಣ್ಣೆಯನ್ನು ನನ್ನ ಭುಜ ದಾಟಲಿಲ್ಲ. ಗಂಡ ಪಕ್ಕದಲ್ಲಿ ನಿಂತು ತನ್ನ ತೋಳನ್ನೇ ಬಿಗಿ ಹಿಡಿದಿದ್ದ.

ಆಮೇಲೆ ಅಂಗಡಿಯವನು ಒಳಗಿನಿಂದ ಯಾರೋ ಬಳಸಿ ಬಿಟ್ಟ ಹಳೆಯ ಬಿಲ್ಲು ತಂದ. ಉದ್ದನೆಯದು, ಬಣ್ಣ ಹೋದದ್ದು, ಎರಡು ತುದಿಗೂ ದುಂಡು ರಾಟೆ.

"ಇದರ ಬಾಣ ನಿಧಾನ" ಎಂದ. "ಆದರೆ ಎಳೆತದಲ್ಲಿ ಏರುಪೇರಿಲ್ಲ. ಬೋಲ್ಟ್ ಸಡಿಲ ಮಾಡಿ ಕೊಡ್ತೀನಿ, ನೋಡಿ."

ಎಳೆದೆ. ನಮ್ಮ ಊರಿನ ಬಾವಿಯಲ್ಲಿ ಎಣ್ಣೆ ಹಾಕಿದ ರಾಟೆಯ ಮೇಲೆ ಸಣ್ಣ ಕೊಡಪಾನ ಬಂದ ಹಾಗೆ ಹೆದೆ ಬಂತು. ನೋವಿತ್ತು, ಆದರೆ ದಾರಿಯುದ್ದಕ್ಕೂ ಒಂದೇ ಸಮನಾದ ನೋವು. ಕೊನೆಯಲ್ಲಿ ರಾಟೆ ತಿರುಗಿ ಭಾರ ಇಳಿಯಿತು. ಒಂದು ವರ್ಷದ ಮೇಲೆ ಮೊದಲ ಸಲ ಹೆದೆ ನನ್ನ ತುಟಿಯ ಕೊನೆಗೆ ತಾಗಿತು. ಗಂಡ ಮುಖ ತಿರುಗಿಸಿ ಗೋಡೆಗೆ ನೇತುಹಾಕಿದ ಕೈಗವಸುಗಳನ್ನು ನೋಡತೊಡಗಿದ.

ಅಂಗಡಿಯವನು ಮುಚ್ಚುಮರೆ ಮಾಡಲಿಲ್ಲ. ಸಡಿಲ ಮಾಡಿದ ಈ ಬಿಲ್ಲಿನಿಂದ ಹುಲ್ಲಿನ ಪಿಂಡಿಗೆ ಹೊಡೆಯಬಹುದು, ಜಿಂಕೆಗೆ ಹೊಡೆಯಬಾರದು, ಪ್ರಾಣಿ ಗಾಯವಾಗಿ ನರಳುತ್ತದೆ ಎಂದ. ನಲವತ್ತು ಪೌಂಡ್ ಎಳೆತವಾದರೂ ಬೇಕು. ಬಿಲ್ಲಿನ ತೋಳುಗಳ ಬುಡದಲ್ಲಿರುವ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡುತ್ತ ಹೋಗಿ, ಭುಜಕ್ಕೂ ಬಲ ಬರುತ್ತ ಹೋಗಲಿ, ಅಕ್ಟೋಬರಿಗೆ ಮುಂಚೆ ತಂದು ಎಳೆತವನ್ನು ತೂಗಿಸಿ ಎಂದ.

ಆ ಬೇಸಿಗೆ ನಮ್ಮ ಹಿತ್ತಲಲ್ಲಿ ಕಳೆಯಿತು. ಲ್ಯಾಬಿನಿಂದ ಬಂದು ಬಟ್ಟೆ ಬದಲಿಸಿದವಳೇ ಬಿಲ್ಲು ಹಿಡಿಯುತ್ತಿದ್ದೆ. ಭಾನುವಾರ ಬೆಳಿಗ್ಗೆ ನಾನು ಚರ್ಚಿಗೆ ಹೋದಾಗ ಗಂಡ ಅಲೆನ್ ಕೀ ತೆಗೆದುಕೊಂಡು ಬೋಲ್ಟ್ ತಿರುಗಿಸಿ ಇಡುತ್ತಿದ್ದ.

"ಇವತ್ತ ಮತ್ತ ಬಿಗಿ ಮಾಡೇನಿ. ಗೊತ್ತಾಗ್ತದೇನು?"

"ಇಲ್ಲ. ಮೊನ್ನೆಯ ಹಾಗೇ ಉಂಟು."

"ಅಂದ್ರ ನಿನ್ನ ಕೈಗೆ ಬಲ ಬರಾಕತ್ತೈತಿ."

ನಾನು ನಂಬಿದೆ. ಸಂಜೆಯ ಹೊತ್ತಿಗೆ ತೋಳು ಊದುತ್ತಿತ್ತು, ಕೆಲವು ದಿನ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಬಲ ಬರುವಾಗ ಹೀಗೂ ಆಗುತ್ತದೆ ಎಂದುಕೊಂಡೆ. ಬಾಣ ಪಿಂಡಿಗೆ ನಾಟುವ ಸದ್ದು ಕೇಳಿದಾಗ ನಾನು ಮತ್ತೆ ನಾನೇ ಎನ್ನಿಸುತ್ತಿತ್ತು. ಸ್ನಾನದ ಮನೆಯ ಕನ್ನಡಿಯಲ್ಲಿ ಕಾಣುವವಳು ಬೇರೆ ಯಾರೋ, ಅವಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎನ್ನಿಸುತ್ತಿತ್ತು. ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ, "ಕೈ ಸರಿಯಾಯಿತು" ಎಂದು ಹೇಳಿಯೂ ಬಿಟ್ಟೆ.

ಸೆಪ್ಟೆಂಬರಿನ ಕೊನೆಗೆ, "ಅಂಗಡಿಗೆ ಹೋಗಿ ತೂಗಿಸಿಕೊಂಡು ಬರುವ" ಎಂದೆ. ಗಂಡ ಮುಂದಿನ ವಾರ ಎಂದ. ಮುಂದಿನ ವಾರ ಆಫೀಸಿನಲ್ಲಿ ಡೆಡ್‌ಲೈನ್ ಇದೆ ಎಂದ. ನಾನೇ ಬಿಲ್ಲನ್ನು ಕಾರಿಗೆ ಹಾಕಿದಾಗ ಬೇರೆ ದಾರಿಯಿಲ್ಲದೆ ಜೊತೆಗೆ ಬಂದ.

ಅಂಗಡಿಯವನು ಹೆದೆಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಬಿಲ್ಲನ್ನು ಕೆಳಕ್ಕೆ ಒತ್ತಿದ. ಮುಳ್ಳು ನೋಡಿದ. ಇನ್ನೊಮ್ಮೆ ಒತ್ತಿದ. "ಮ್ಯಾಮ್, ಬೇಸಿಗೆಯಲ್ಲಿ ಇದನ್ನು ಬಿಗಿ ಮಾಡಿಲ್ಲವಾ?" ಎಂದ. "ನಾನು ಕೊಟ್ಟಾಗ ಇದ್ದದ್ದಕ್ಕಿಂತ ಕಡಿಮೆ ತೋರಿಸ್ತಿದೆ."

ತಕ್ಕಡಿ ಕೆಟ್ಟಿದೆಯೇನೋ ಎಂದು ನಾನು ಹೇಳಲು ಹೊರಟಿದ್ದೆ. ಗಂಡನ ಮುಖ ನೋಡಿದೆ. ಕೇಳುವ ಅಗತ್ಯ ಉಳಿಯಲಿಲ್ಲ.

ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ ಅಡ್ಡಬಿಲ್ಲಿನ ಮಾತೆತ್ತಿದ. ಅದನ್ನು ಹಿಡಿಕೆ ತಿರುಗಿಸಿ ಸಜ್ಜು ಮಾಡಬಹುದು, ಬಂದೂಕಿನಂತೆ ಟ್ರಿಗರ್ ಒತ್ತಿದರೆ ಸಾಕು, ಭುಜಕ್ಕೆ ಕೆಲಸವೇ ಇಲ್ಲ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬೇಡ ಎಂದೆ. ಜಿಂಕೆ ಸಾಯಬೇಕೆಂಬುದು ನನ್ನ ಆಸೆಯಾಗಿರಲಿಲ್ಲ. ನನ್ನ ತೋಳು ನನ್ನ ಮಾತು ಕೇಳಬೇಕೆಂಬುದಷ್ಟೇ ಆಗಿತ್ತು. ಇದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಕಾರು ಸ್ಟಾರ್ಟ್ ಮಾಡದೆ ಕೂತೆವು.

"ಹಾಗೆ ಎಂತಕ್ಕೆ ಮಾಡಿದ್ದು?" ಎಂದು ಕೇಳಿದೆ.

"ಮೊದಲ್ನೇ ವಾರ ಖರೇನ ಬಿಗಿ ಮಾಡಿದ್ದೆ. ನಿನಗ ಎಳೀಲಿಕ್ಕೆ ಆಗ್ಲಿಲ್ಲ. ಥಂಡಿ ಆಗ್ಯದ, ನಾಳೆ ನೋಡೂಣು ಅಂದಿ. ಆ ದಿನ ಸಂಜಿಮುಂದ ಮೊದಲಿದ್ದಂಗ ಮಾಡಿಟ್ಟೆ. ಆಮ್ಯಾಲೆ ಅದೂ ನಿನಗ ಭಾರ ಆಗಾಕತ್ತಿತು. ಮತ್ತ ಸಡಿಲ ಮಾಡಿದೆ."

"ಪ್ರತಿ ವಾರ?"

ಅವನು ತಲೆಯಾಡಿಸಿದ. "ನೀ ಹಿತ್ತಲದಾಗ ನಗತಿದ್ದಿ. ನೀ ನಕ್ಕು ಎಷ್ಟ್ ದಿನ ಆಗಿತ್ತು ಅಂತ ನಿನಗ ಗೊತ್ತಿಲ್ಲ. ನನಗ ಗೊತ್ತೈತಿ."

ನನಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ಆ ಬೇಸಿಗೆಯುದ್ದಕ್ಕೂ ಬಲ ಏರುತ್ತಿದೆ ಎಂದು ನಾನು ತಿಳಿದಿದ್ದ ತೋಳು ದಿನದಿನಕ್ಕೆ ಸೋಲುತ್ತಿತ್ತು, ಅದನ್ನು ನನ್ನ ಬದಲು ಅವನೊಬ್ಬನೇ ನೋಡುತ್ತಿದ್ದ. ಹೆಬ್ಬೆರಳಿನ ಜೋಮು ನರ ಸೋಲುತ್ತಿರುವುದರ ಗುರುತೆಂದು ಆಗ ನನಗೆ ತಾನಾಗಿಯೇ ತಿಳಿಯಿತು. ಹತ್ತಿಪ್ಪತ್ತು ವರ್ಷ ಆಸ್ಪತ್ರೆಗಳ ಒಳಗೇ ಬದುಕಿದವಳು ನಾನು. ಅಷ್ಟು ದಿನ ತಿಳಿಯದೆ ಇದ್ದದ್ದು ತಿಳಿಯುವುದು ನನಗೇ ಬೇಡವಾಗಿದ್ದಕ್ಕೆ ಇರಬೇಕು. ಮನೆಗೆ ಬಂದು ಕವಚವನ್ನೂ ತೆಗೆಯದೆ ಮಲಗಿದೆ.

ಆದರೂ ಅಕ್ಟೋಬರಿನಲ್ಲಿ ನಾವು ಕೆರೊಲಿನಾಗೆ ಹೋದೆವು. ನಾನೇ ಹೊರಟೆ. ಬಿಲ್ಲು ಒಯ್ಯಲಿಲ್ಲ. ಅವನು ಹೊಡೆಯಲಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದೆ. ಮರದ ಮೇಲಿನ ಅಟ್ಟಣೆಗೆ ಹತ್ತುವುದು ನನ್ನಿಂದ ಆಗದು ಎಂದು ಅವನ ಸಹೋದ್ಯೋಗಿ ಓಕ್ ಮರಗಳ ಅಂಚಿನಲ್ಲಿ ಸಣ್ಣ ಡೇರೆಯೊಂದನ್ನು ಹಾಕಿಕೊಟ್ಟಿದ್ದ. ಅದರೊಳಗೆ ಮಡಚುವ ಎರಡು ಸ್ಟೂಲು. ಕಿಂಡಿಯಿಂದ ನೋಡುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಬೆಳಕು ಹರಿದು ಬಿಸಿಲು ಎಲೆಗಳ ಮೇಲೆ ಬಂದ ಮೇಲೆ ಎಳೆಯ ಗಂಡು ಜಿಂಕೆಯೊಂದು ಬಂತು. ಬಿದ್ದ ಓಕ್ ಕಾಯಿ ಹುಡುಕುತ್ತ ಬಹಳ ಹತ್ತಿರ ಬಂದು ಅಡ್ಡಲಾಗಿ ನಿಂತಿತು. ಅದಕ್ಕಿಂತ ಒಳ್ಳೆಯ ಗುರಿ ಯಾರಿಗೂ ಸಿಗುವುದಿಲ್ಲ.

"ಹೊಡಿ" ಎಂದು ಪಿಸುಗುಟ್ಟಿದೆ.

ಅವನು ಬಿಲ್ಲು ಎತ್ತಿದ. ಹೆದೆಗೆ ಬಾಣ ಹೂಡಿದ್ದ. ಹಾಗೇ ಕೂತಿದ್ದ. ಜಿಂಕೆ ತಲೆ ಎತ್ತಿತು, ಗಾಳಿ ಮೂಸಿತು, ಮತ್ತೆ ತಲೆ ತಗ್ಗಿಸಿತು.

"ಹೊಡಿ ಮಾರಾಯ."

ಅವನು ಬಿಲ್ಲನ್ನು ತೊಡೆಯ ಮೇಲೆ ಇಳಿಸಿದ. ಜಿಂಕೆ ತನ್ನ ಪಾಡಿಗೆ ಮೇಯುತ್ತ ಮರಗಳ ಹಿಂದೆ ಹೋಯಿತು. ನನಗೆ ಅಂಗಡಿಯ ಮುಂದೆ ಬರದಿದ್ದ ಸಿಟ್ಟು ಈಗ ಬಂತು.

"ನನ್ನ ಮೇಲೆ ಕನಿಕರ ಮಾಡಬೇಡ" ಎಂದೆ. "ನನಗೋಸ್ಕರ ಎಂತದ್ದನ್ನೂ ಬಿಡಬೇಡ."

"ನಿನಗೋಸ್ಕರ ಅಲ್ಲ" ಎಂದ. "ಎಳೀಲಿಕ್ಕೆ ನನ್ನ ಕೈ ಏಳಲಿಲ್ಲ."

ಅವನ ಭುಜಕ್ಕೆ ಏನೂ ಆಗಿರಲಿಲ್ಲ. ಅವನ ಎದೆಗೂ ಯಾರೂ ಕತ್ತಿ ಹಾಕಿರಲಿಲ್ಲ. ನನ್ನ ಕಾಯಿಲೆಯೊಳಗೆ ನಾನೊಬ್ಬಳೇ ಇದ್ದೇನೆ ಎಂದು ಅಷ್ಟು ದಿನ ತಿಳಿದಿದ್ದೆ. ಅವನೂ ಒಳಗೇ ಇದ್ದ. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಮುಳುಗುವವರು ಒಬ್ಬರಲ್ಲ, ಇಬ್ಬರು ಎಂದು ತಿಳಿದು ಇನ್ನಷ್ಟು ಭಯವಾಯಿತು.

ನರಗಳ ಪರೀಕ್ಷೆ ಆ ಚಳಿಗಾಲದಲ್ಲಿ ಆಯಿತು. ಕೊಟ್ಟ ವಿಕಿರಣಕ್ಕೆ ತೋಳಿಗೆ ಹೋಗುವ ನರಗಳು ನಿಧಾನವಾಗಿ ಗಟ್ಟಿಯಾಗುತ್ತಿವೆ, ಕೆಲವರಿಗೆ ಹೀಗಾಗುತ್ತದೆ, ಹಿಂದಕ್ಕೆ ತರುವ ಉಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ತಪ್ಪು ಯಾರದೂ ಅಲ್ಲ. ಜೀವ ಉಳಿಸಲು ಕೊಟ್ಟದ್ದೇ ಅದು. ಕೇಳಿಸಿಕೊಂಡು ಇಬ್ಬರೂ ಥ್ಯಾಂಕ್ಸ್ ಹೇಳಿ ಎದ್ದು ಬಂದೆವು. ಲ್ಯಾಬಿನಲ್ಲಿ ರೋಗಾಣು ಬೆಳೆಸುವ ತಟ್ಟೆಗಳು ಬೆರಳ ಸಂದಿಯಿಂದ ಜಾರಲು ಸುರುವಾದಾಗ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. 2007ರಲ್ಲಿ ಅದನ್ನೂ ಬಿಟ್ಟೆ. ಬರೆಯಲು ಎಡಗೈ ಕಲಿತೆ. ಆ ಅಕ್ಷರ ನನ್ನದೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಗಂಡ ಮತ್ತೆ ಕಾಡಿಗೆ ಹೋಗಲಿಲ್ಲ. ಹೋಗು ಎಂದು ನಾನೂ ಹೇಳಲಿಲ್ಲ. ಅವನ ಬಿಲ್ಲು, ನನ್ನ ಬಿಲ್ಲು ಎರಡನ್ನೂ ಆ ಸಹೋದ್ಯೋಗಿ ಬಂದು ಒಯ್ದ.

ಮರುವರ್ಷ ಗಂಡನಿಗೆ ರೆಸ್ಟನ್‌ನಲ್ಲಿ ಕೆಲಸ ಸಿಕ್ಕಿ ವರ್ಜೀನಿಯಕ್ಕೆ ಬಂದೆವು. ಬೆಳಿಗ್ಗೆ ಅವನೇ ನನ್ನ ತಲೆ ಬಾಚಿ, ಬಟ್ಟೆಯ ಹುಕ್ಕು ಹಾಕಿ ಆಫೀಸಿಗೆ ಹೋಗುತ್ತಾನೆ. ಹೊಸದಾಗಿ ಬಂದವರೆಂದು ಇಲ್ಲಿಯ ಕನ್ನಡದವರು ನಮ್ಮನ್ನು ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಒಂದು ಪಾಟ್‌ಲಕ್‌ಗೆ ಕರೆದಿದ್ದರು. ಬೆಂಗಳೂರಿನ ಹುಡುಗಿಯೊಬ್ಬಳು ತಟ್ಟೆ ಹಿಡಿದು ನನ್ನ ಪಕ್ಕ ಕೂತು, "ಆಂಟಿ, ನೀವು ಇಡೀ ದಿನ ಮನೇಲಿ ಏನ್ ಮಾಡ್ತೀರಾ? ಏನಾದ್ರೂ ಹಾಬಿ ಇದ್ಯಾ?" ಎಂದು ಅಕ್ಕರೆಯಿಂದ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಗಂಡ, "ಆಕಿಗೆ ಓದೂದಂದ್ರ ಭಾಳ ಇಷ್ಟ" ಎಂದ.

ಓದುವ ಗೀಳು ನನಗೆ ಎಂದೂ ಇರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದೆ. ಅವಳು ತನ್ನ ಹತ್ತಿರ ಬಹಳ ಪುಸ್ತಕಗಳಿವೆ, ತಂದುಕೊಡುತ್ತೇನೆ ಎಂದಳು.