ಯಾರೂ ಹೆಸರಿಸದ ಮಾರೆಮ್ಮ

“ಯಾರ ಪೈಕಿರೀ ನೀವು?”

ಮಾನ್ವಿಯಿಂದ ಮಲ್ಲಟಕ್ಕೆ ಬಂದಿಳಿದ ದಿನ ಬಸಮ್ಮ ಕೇಳಿದ ಮೊದಲ ಮಾತಿದು. ಹೆಸರು ಹೇಳಿದೆ, ಓದು ಹೇಳಿದೆ. “ಅದಿರ್ಲಿ, ಯಾರ ಪೈಕಿ?” ಇಲ್ಲಿ ನನ್ನವರು ಯಾರೂ ಇಲ್ಲ ಎಂದಾಗ ಆಕೆಗೆ ಮರುಕ ಹುಟ್ಟಿತು. “ಹಂಗಾರ ನಮ್ಮ ಪೈಕಿನ ಆಗ್ರಿ, ಬರ್ರಿ,” ಎಂದು ಕುರಿದೊಡ್ಡಿಯ ಪಕ್ಕದ ಕೋಣೆ ಬಿಟ್ಟುಕೊಟ್ಟಳು.

ಎಂಬತ್ತರ ದಶಕದ ಆರಂಭವದು. ಕುಂದಾಪುರದವಳಾದ ನಾನು ಬಂದದ್ದು ಊರಿನ ಸಂಬಂಧಜಾಲವನ್ನು ಅಧ್ಯಯನ ಮಾಡಲು. ಮನೆಗೊಂದು ಚುಕ್ಕಿ; ಕಷ್ಟ ಬಂದರೆ ಯಾರ ಮನೆಗೆ ಹೋಗುತ್ತಾರೋ ಅಲ್ಲಿಗೊಂದು ಗೆರೆ. ಒಬ್ಬೊಬ್ಬರನ್ನೇ ನೋಡದೆ, ನಡುವಿನ ಗೆರೆಗಳಿಂದ ಊರನ್ನು ಅರಿಯುವ ವಿದ್ಯೆ. ನಮ್ಮ ಕಡೆ ತೋಟಕ್ಕೊಂದು ಮನೆ. ಇಲ್ಲಿ ಗೋಡೆಗೆ ಗೋಡೆ ಅಂಟಿದೆ. ಗೆರೆಗಳು ದಟ್ಟವಾಗಿರುತ್ತವೆ ಎಂದುಕೊಂಡಿದ್ದೆ. ಆದರೆ ಕುರಿ ಕಾಯುವವರ ಓಣಿಗೂ ಕೂಲಿಯವರ ಕೇರಿಗೂ ನಡುವೆ ಒಂದೂ ಬೀಳಲಿಲ್ಲ.

ಕುಚ್ಚಲಕ್ಕಿ ಗಂಜಿಯ ಹೊಟ್ಟೆ ಜೋಳದ ರೊಟ್ಟಿಗೆ ಒಗ್ಗುವಷ್ಟರಲ್ಲಿ, ಒಂದು ಬೆಳಿಗ್ಗೆ ಬಸಮ್ಮನ ಸೊಸೆಗೆ ಹೆರಿಗೆ ನೋವು ಬಂತು. ಮಗ ಕೇರಿಗೆ ಓಡಿ ಸೂಲಗಿತ್ತಿ ಮಾರೆಮ್ಮನನ್ನು ಕರೆತಂದ. ಮಧ್ಯಾಹ್ನದವರೆಗೆ ಸೊಸೆಯ ಕೂಗು, ಆಮೇಲೆ ಕೂಸಿನದು. ಹೊರಬಂದ ಮಾರೆಮ್ಮನ ಕೈಗೆ ಬಸಮ್ಮ ತಾಗದಂತೆ ಮೇಲಿನಿಂದ ನೀರು ಸುರಿದಳು.

“ಇವರ ಹೆಸರು ನೀವು ಹೇಳಲೇ ಇಲ್ಲವಲ್ಲ?” ಎಂದೆ.

“ಯಾರ ಮನಿಗಿ ಹೋಗ್ತೀರಿ ಅಂತ ಕೇಳಿದ್ರಿ. ಆಕಿ ಮನಿಗಿ ನಾವ್ ಹೋಗಂಗಿಲ್ರೀ.”

ಮಾರೆಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿದಳು. “ಬರೀರಿ ಯವ್ವಾ. ಈ ಓಣ್ಯಾಗಿನ ಕೂಸುಗಳೆಲ್ಲ ನನ್ ಕೈಯಾಗ ಬಿದ್ದಾವು.”

ಮರುದಿನದಿಂದ ಪ್ರಶ್ನೆ ಬದಲಿಸಿ ಮತ್ತೆ ಮನೆಮನೆ ತಿರುಗಿದೆ: ಯಾರನ್ನ ಕರೀತೀರಿ? ಮಾರೆಮ್ಮನ ಚುಕ್ಕಿಯ ಸುತ್ತ ಗೆರೆ ಎಳೆಯಲು ಜಾಗ ಸಾಲದಾಯಿತು.

ಆ ಬೇಸಿಗೆಯಲ್ಲಿ ಕುಂದಾಪುರಕ್ಕೆ ಹೋದಾಗ ಅಮ್ಮನನ್ನು ಕೇಳಿದೆ, ನಾನು ಹುಟ್ಟುವಾಗ ಯಾರು ಬಂದಿದ್ದರು?

“ಈಗ ಅದೆಲ್ಲ ಎಂತಕ್ ಕೇಂತೆ?” ಎಂದ ಅಮ್ಮ ಕೊನೆಗೆ ಹೇಳಿದಳು, “ಚಿಕ್ಕು.”

ನಮ್ಮ ಹಿತ್ತಲಲ್ಲಿ ನಿಂತು ಗಂಜಿ ಕೇಳುತ್ತಿದ್ದ ಚಿಕ್ಕು. ಈಗ ಅವಳಿಲ್ಲ. ಅವಳ ಮನೆ ಎಲ್ಲಿ ಎಂದು ಕೇಳಿಕೊಂಡು ಹೋದೆ. ಚಿಕ್ಕುವಿನ ಮಗಳು ಗಾಬರಿಯಿಂದ ಎದ್ದು ನಿಂತಳು. ಚಾಪೆ ಹಾಸಲೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಮಲ್ಲಟದಲ್ಲಿ ಮಾರೆಮ್ಮನ ಮನೆಗೆ ಕಣ್ಣು ಮುಚ್ಚಿ ಹೋಗಬಲ್ಲೆ. ಹುಟ್ಟಿದೂರಿನ ಆ ಅಂಗಳಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು.