ಯಾವ ವಿಷ?

ಕಾಂಪೌಂಡರಮ್ಮ ಆಸ್ಪತ್ರೆಯ ಔಷಧಿ ಕೋಣೆಗೆ ಸೇರಿದ ಎರಡನೆಯ ವರ್ಷ, ವಾರ್ಡು ಗುಡಿಸುವಾತ ನೀರೆಂದುಕೊಂಡು ಒಂದು ಬಾಟಲಿಯಿಂದ ಎರಡು ಗುಟುಕು ಕುಡಿದುಬಿಟ್ಟ. ಡಾಕ್ಟರು ಬಾಟಲಿ ಹಿಡಿದುಕೊಂಡೇ ಓಡಿ ಬಂದು, "ಯಾವ ವಿಷ ಇದು?" ಎಂದು ಕೇಳಿದರು. ಚೀಟಿಯ ಮೇಲೆ ಆಕೆಯದೇ ದುಂಡು ಬರಹದಲ್ಲಿ, ಕೆಂಪು ಶಾಯಿಯಲ್ಲಿ ಎರಡೇ ಅಕ್ಷರಗಳಿದ್ದವು: ವಿಷ. ಅದು ಯಾವುದೆಂದು ಪತ್ತೆ ಹಚ್ಚಲು ಇಪ್ಪತ್ತು ನಿಮಿಷ ಹಿಡಿಯಿತು. ಆತ ಬದುಕಿಕೊಂಡ, ಆದರೆ ಗಂಟಲು ಸುಟ್ಟು ದನಿ ಕೊನೆಯವರೆಗೂ ಕೀರಲಾಗಿಯೇ ಉಳಿಯಿತು. ಆಕೆಯನ್ನು ಯಾರೂ ಬೈಯಲಿಲ್ಲ. ಹಾಗೆ ಬರೆಯುವುದೇ ಅಲ್ಲಿಯ ರೂಢಿಯಾಗಿತ್ತು. ಆಕೆ ಮಾತ್ರ ಅಂದಿನಿಂದ ಪ್ರತಿ ಬಾಟಲಿಯ ಮೇಲೂ ಒಳಗಿರುವುದು ಏನು, ಯಾವುದರಿಂದ ಬಂದದ್ದು, ಕುಡಿದವರಿಗೆ ಮೊದಲು ಏನು ಮಾಡಬೇಕು ಎಂದು ಉದ್ದಕ್ಕೆ ಬರೆಯತೊಡಗಿದಳು. "ಚೀಟಿಯೋ ಪತ್ರವೋ?" ಎಂದು ನಕ್ಕವರೂ ಉಂಟು.

ಆಕೆಗೆ ಐವತ್ತು ದಾಟಿದ ಮೇಲೆ ಕಣ್ಣಿನ ಹನಿಗಾಗಿ ಒಬ್ಬ ನಿವೃತ್ತ ಮೇಷ್ಟರು ಬರತೊಡಗಿದರು. ಅವರೂ ಇನ್ನಿಬ್ಬರೂ ಸೇರಿ, ಒಂದು ಅಚ್ಚುಕೂಟದ ಮಹಡಿಯಲ್ಲಿ ಕುಳಿತು, ಹೀಬ್ರೂ ಮತ್ತು ಗ್ರೀಕ್ ಮೂಲದಿಂದ ಪ್ರಾಚೀನ ಧರ್ಮಗ್ರಂಥವನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದರು. ಒಂದು ದಿನ ಅವರು ಕೌಂಟರಿನ ಮೇಲೆ ಮರೆತುಹೋದ ಹಾಳೆಯನ್ನು ಆಕೆ ಓದಿದಳು. ಮುಂದಿನ ಸಲ ಬಂದಾಗ ಕೇಳಿಯೇಬಿಟ್ಟಳು.

"ಮೇಷ್ಟ್ರೇ, ಇದೊಂದೇ ಹಾಳೇಲಿ ಮೂರು ಸಲ ವಿಷ ಅಂತಿದೆ. ಯಾವ ವಿಷ?"

"ವಿಷ ಅಂದ್ರೆ ವಿಷ ಕಣಮ್ಮ."

"ನಾನೂ ಒಂದ್ಸಲ ಹಾಗೇ ಬರೆದಿದ್ದೆ," ಎಂದು ಆಕೆ ಗುಡಿಸುವಾತನ ಕಥೆ ಹೇಳಿದಳು.

ಮೇಷ್ಟರು ಬೆಂಚಿನ ಮೇಲೆ ಕುಳಿತುಬಿಟ್ಟರು. ಹೀಬ್ರೂವಿನಲ್ಲಿ ಎರಡು ಪದಗಳಿವೆ ಎಂದು ವಿವರಿಸಿದರು. ಒಂದು 'ಹೇಮಾ': ಕಾವು, ಕೋಪ, ಹಾವಿನ ಹಲ್ಲಿನದು. ಇನ್ನೊಂದು 'ರೋಶ್': ಹೆಚ್ಚಾಗಿ ಯಾವುದೋ ಕಹಿ ಗಿಡದ್ದು, ಅಲ್ಲೊಂದು ಇಲ್ಲೊಂದು ಕಡೆ ಹಾವಿನದೂ ಹೌದು. ಆ ಭಾಷೆಯಲ್ಲಿ ತಲೆಗೆ ಹೇಳುವ ಪದವೂ 'ರೋಶ್' ಎಂದೇ ಕೇಳಿಸುತ್ತದೆ.

"ಹಲ್ಲಿಂದ ಬರೋದು ರಕ್ತಕ್ಕೆ ಸೇರ್ಬೇಕು, ಬೇರಿಂದ ಬರೋದು ಹೊಟ್ಟೆಗೆ ಹೋದ್ರೆ ಸಾಕು," ಎಂದಳು ಆಕೆ. "ಎರಡಕ್ಕೂ ಒಂದೇ ಚೀಟಿ ಅಂಟಿಸ್ತೀರಾ?"

ಮರುವಾರದಿಂದ ಮೇಷ್ಟರ ಬಳಿ ಹೀಬ್ರೂ, ಗ್ರೀಕ್ ಪಾಠ ಶುರುವಾಯಿತು. ಆಕೆ ಒಂದೊಂದು ಅಕ್ಷರವನ್ನೂ ಬರೆದು ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸಿದಳು. ಜೊತೆಗಿದ್ದ ತಂಗಿಗೆ ತಲೆ ಚಿಟ್ಟುಹಿಡಿಯಿತು.

"ಅಕ್ಕ, ಈ ಕೊಕ್ಕೆ ಬರೆದಿರೋದು ಉಪ್ಪೋ ಸಕ್ಕರೆಯೋ?"

ರೋಶ್ ಎಂದರೆ ಆಕೆಯ ಕಿವಿಗೆ ಸಿಟ್ಟು, ಹೇಮಾ ಎಂದರೆ ಚಿನ್ನ. ಅಲ್ಲಿ ನೋಡಿದರೆ ಸಿಟ್ಟಿನ ಪದವೇ ಹೇಮಾ. ತಿಂಗಳುಗಟ್ಟಲೆ ಎರಡೂ ಅದಲುಬದಲಾಗುತ್ತಿದ್ದವು. "ಚಿನ್ನ ಅಂದ್ರೆ ಸಿಟ್ಟು, ಸಿಟ್ಟು ಅಂದ್ರೆ ತಲೆ. ಒಳ್ಳೇ ಭಾಷೆ ಹಿಡಿದಿದ್ದೀಯ," ಎಂದು ತಂಗಿ ಛೇಡಿಸಿದಳು. ಆಕೆ ಜಗ್ಗಲಿಲ್ಲ. ಎರಡು ವರ್ಷದಲ್ಲಿ ಆ ಪದಗಳು ಬರುವ ಒಂದೊಂದು ಸಾಲನ್ನೂ ಹುಡುಕಿ, ಅಕ್ಕಪಕ್ಕದಲ್ಲಿ ಹಾವಿದೆಯೋ ಬಾಣವಿದೆಯೋ ನೀರಿದೆಯೋ ಬೇರಿದೆಯೋ ಎಂದು ಗುರುತು ಹಾಕಿಕೊಂಡಳು.

ಮೇಷ್ಟರು ಆಕೆಯನ್ನು ಮಹಡಿಯ ಕೋಣೆಗೆ ಕರೆದೊಯ್ದಾಗ, ಮೂವರಲ್ಲಿ ಹಿರಿಯರಾದ ಪಂಡಿತರು ಆಕೆಯ ಗುರುತುಗಳನ್ನು ಓದಿ ಕನ್ನಡಕದ ಮೇಲಿಂದ ನೋಡಿದರು. "ಓದೋರಿಗೆ ಒಂದೇ ಪದ ಸಾಕು. ಸುಮ್ನೆ ಯಾಕೆ ಗೊಂದಲ?"

ಆಕೆ ವಾದಕ್ಕಿಳಿಯಲಿಲ್ಲ. ಗ್ರೀಕ್ ಭಾಗದ ಒಂದು ಪುಟ್ಟ ಪತ್ರವನ್ನು ತೆರೆದಳು. ನಾಲಿಗೆಯ ವಿಷಕ್ಕೆ ಅಲ್ಲಿ 'ಇಯೋಸ್' ಎಂದಿತ್ತು. ಮುಂದೆ, ಕೂಡಿಟ್ಟ ಚಿನ್ನಬೆಳ್ಳಿಗೆ ಹಿಡಿದದ್ದೂ ಅದೇ ಇಯೋಸ್. ಪಂಡಿತರು ಅಲ್ಲಿ 'ತುಕ್ಕು' ಎಂದು ಬರೆದಿದ್ದರು.

"ತುಕ್ಕು ಕಬ್ಬಿಣಕ್ಕೆ ಸಾರ್. ನಮ್ಮ ಹಿತ್ತಾಳೆ ತಕ್ಕಡಿ ತಟ್ಟೆಗೆ ಹಿಡಿಯೋದು ಕಿಲುಬು. ಅದು ಹೊಟ್ಟೆಗೆ ಹೋದ್ರೆ ವಿಷವೇ. ಮೂಲದ ಪದ ಎರಡು ಕೆಲಸ ಮಾಡ್ತಿದೆ, ಕಿಲುಬೂ ಮಾಡುತ್ತೆ."

"ಚಿನ್ನಕ್ಕೆ ಕಿಲುಬು ಹಿಡಿಯುತ್ತೇನಮ್ಮ?"

"ಹಿಡಿಯಲ್ಲ. ಅದಕ್ಕೇ ಆ ಮಾತು ಚುಚ್ಚುತ್ತೆ."

ಪಂಡಿತರು ಆ ಸಾಲನ್ನು ಬಾಯೊಳಗೇ ಎರಡು ಸಲ ಓದಿಕೊಂಡರು. "ಇದನ್ನೆಲ್ಲ ಎಲ್ಲಿ ಓದಿದೆ?"

"ಓದಿಲ್ಲ ಸಾರ್. ಆ ತಟ್ಟೆ ಉಜ್ಜಿದ್ದೀನಿ."

ತುಕ್ಕು ಹೋಗಿ ಕಿಲುಬು ಬಂತು. ಹಾವಿನ ಕಡೆಗಳಲ್ಲೆಲ್ಲ 'ನಂಜು' ಎಂದಾಯಿತು. ಉಳಿದದ್ದು ಕಹಿ ಗಿಡ. ಹುಮ್ಮಸ್ಸಿನಲ್ಲಿ ಮೇಷ್ಟರು ಎಲ್ಲರಿಗೂ ಗೊತ್ತಿರುವ ಒಂದು ವಿಷದ ಗಿಡದ ಹೆಸರನ್ನೇ ಹಾಕೋಣವೆಂದು ಸೂಚಿಸಿದರು. ಪಂಡಿತರೂ ತಲೆಯಾಡಿಸಿದರು. ಆಗ ಅಡ್ಡ ಬಂದವಳು ಆಕೆಯೇ.

"ಅದೇ ಗಿಡ ಅಂತ ನಿಮಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ," ಎಂದರು ಮೇಷ್ಟರು.

"ಹಾಗಾದ್ರೆ ಬೇಡಿ. ಗೊತ್ತಿಲ್ಲದ ಬಾಟಲಿಗೆ ಗೊತ್ತಿರೋ ಹೆಸರು ಅಂಟಿಸೋದು ಇನ್ನೂ ಅಪಾಯ."

ತಾನೇ ಗೆದ್ದ ಜಾಗದಲ್ಲಿ ಹೀಗೆ ಹಿಂದೆ ಸರಿಯುವವರನ್ನು ಪಂಡಿತರು ಅದುವರೆಗೆ ನೋಡಿರಲಿಲ್ಲ. ಅಲ್ಲಿ 'ಕಹಿವಿಷ' ಎಂದಷ್ಟೇ ಅಚ್ಚಾಯಿತು, ಪುಟದ ಕೆಳಗೆ ಒಂದು ಸಾಲು: ಯಾವ ಗಿಡವೆಂದು ತಿಳಿಯದು.

ಪುಸ್ತಕ ಹೊರಬಂದು ಆರು ವರ್ಷವಾಯಿತು. ಅನುಮಾನದ ಪದ ಸಿಕ್ಕಾಗಲೆಲ್ಲ ಪಂಡಿತರು ಈಗ ತಾವೇ ಮೆಟ್ಟಿಲು ಹತ್ತಿ ಆಕೆಯ ಮನೆಗೆ ಬರುತ್ತಾರೆ. ಖಚಿತವಾಗುವವರೆಗೆ ಆಕೆ ಬೇಕೆಂದೇ ನಿಧಾನ ಮಾಡುತ್ತಾಳೆ, ನಾಳೆ ಹೇಳುತ್ತೇನೆ ಎನ್ನುತ್ತಾಳೆ, ಕೆಲವೊಮ್ಮೆ ಗೊತ್ತಿಲ್ಲ ಎಂದೇ ಕಳಿಸುತ್ತಾಳೆ. ಅವರು ಹೋದ ಮೇಲೆ ತಂಗಿ, "ಪಾಪ, ಅಷ್ಟು ದೂರದಿಂದ ಬರ್ತಾರೆ, ಏನಾದ್ರೂ ಒಂದು ಹೇಳಬಾರದಾ?" ಎಂದು ಗೊಣಗುತ್ತಾಳೆ.