ಕುಕ್ಕರಿನಲ್ಲಿ ಬೆಂದ ಮಂಗಳನ ಮಣ್ಣು

ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಆಮೇಲೆ ಅವರಿಗೆ ಉಳಿದ ತರಗತಿಯೆಂದರೆ ಬಸವೇಶ್ವರನಗರದ ನಮ್ಮ ಮನೆ ಹತ್ತಿರದ ಪಾರ್ಕಿನ ಕಲ್ಲುಬೆಂಚು. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿದ ನಾಲ್ಕೈದು ಜನರಿಗೆ ಅವರು ಪೇಪರ್ ಗಟ್ಟಿಯಾಗಿ ಓದಿ ಹೇಳುತ್ತಾರೆ. ಓದುವುದಕ್ಕಿಂತ ವಿವರಿಸುವುದೇ ಹೆಚ್ಚು.

ಒಂದು ದಿನ, ಮಂಗಳ ಗ್ರಹದ ಕಲ್ಲುಮಣ್ಣಿನಲ್ಲಿ ಹಿಂದೆಂದೋ ಜೀವವಿದ್ದುದರ ಕುರುಹು ಇರಬಹುದೆಂಬ ಸುದ್ದಿ ಬಂತು. ಅಪ್ಪ ಇದ್ದೇ ಇದೆ ಎಂದು ತೀರ್ಪು ಕೊಟ್ಟರು. ಬ್ಯಾಂಕ್ ಮ್ಯಾನೇಜರ್ ಆಗಿದ್ದ ಎದುರುಮನೆ ಅಂಕಲ್ ಒಪ್ಪಲಿಲ್ಲ.

"ಸಹಿ ಇಲ್ದಿರೋ ಕಾಗದಾನ ನಾನು ಸರ್ವೀಸಲ್ಲಿ ಮುಟ್ಟಿದವನೇ ಅಲ್ಲ ಮೇಷ್ಟ್ರೇ. ಅದೆಲ್ಲ ಬರೀ ಕೆಮಿಸ್ಟ್ರಿ."

ಮೂರು ದಿನ ವಾದ ನಡೆಯಿತು. ನಾಲ್ಕನೆಯ ದಿನ ಅಪ್ಪ ಪಂಥ ಕಟ್ಟಿ ಬಂದರು. "ನನ್ನ ಮಗಳು ಮೈಕ್ರೊಬಯಾಲಜಿ ಎಂಎಸ್ಸಿ. ಜೀವ ಇತ್ತು ಅಂತ ಅವಳು ಹೇಳ್ಲಿಲ್ಲ ಅಂದ್ರೆ, ಅವತ್ತಿಂದ ಪೇಪರ್ ನೀವೇ ಓದಿ."

ನನಗೆ ಇದು ಗೊತ್ತಾದದ್ದು ಸಂಜೆ ಕಾಫಿ ಹೊತ್ತಿಗೆ. ಇರುವ ಸಾಕ್ಷಿ ಸಾಲದು ಎಂಬುದು ನಿಜ. ಅದನ್ನು ಹೇಳಿದರೆ ಅಪ್ಪನ ಬೆಂಚು ಹೋಗುತ್ತದೆ. ಅದೂ ಅಲ್ಲದೆ ನಾಲ್ಕು ಜನರೆದುರು ಬಾಯಿ ತೆರೆಯುವುದೇ ನನಗೆ ಕಷ್ಟ. ಬರುವುದಿಲ್ಲ ಎಂದೆ. ಅಪ್ಪ ಅಂದಿನ ಪೇಪರನ್ನು ಮಡಚಿದರು, ಮತ್ತೆ ಮಡಚಿದರು, ಅದು ಅಂಗೈಯಷ್ಟಾಗುವವರೆಗೆ. ಬರುತ್ತೇನೆ ಎಂದೆ.

ಮಾತು ಕಡಿಮೆಯಾಗಲೆಂದು ಒಂದು ಪ್ರಯೋಗ ಯೋಚಿಸಿದೆ. ರಂಗೋಲಿಗೆ ಅಂಚು ಬಳಿಯಲು ಅಮ್ಮ ಇಟ್ಟಿದ್ದ ಕೆಮ್ಮಣ್ಣನ್ನು ಕುಕ್ಕರಿನಲ್ಲಿ ಬೇಯಿಸಿ ಅದರಲ್ಲಿರುವ ಜೀವಾಣುಗಳನ್ನೆಲ್ಲ ಕೊಲ್ಲುವುದು. ಒಣಗಿದ ಮೇಲೆ ಸ್ವಲ್ಪ ರಂಗೋಲಿ ಪುಡಿ ಬೆರೆಸಿ ನಿಂಬೆರಸ ಹಿಂಡುವುದು. ಪುಡಿ ಸುಣ್ಣಕಲ್ಲಿನದಾದ್ದರಿಂದ ಗುಳ್ಳೆ ಏಳುತ್ತವೆ. ಸತ್ತ ಮಣ್ಣೂ ಉಸಿರಾಡಿದಂತೆ ಕಾಣುತ್ತದೆ.

"ಅನ್ನ ಮಾಡೋ ಕುಕ್ಕರಲ್ಲಿ ಮಣ್ಣು ಬೇಯಿಸ್ತಾ ಇದೀಯೇನೇ?" ಎಂದರು ಅಮ್ಮ. "ಎಷ್ಟು ವಿಷಲ್ಲು?"

"ಆರು."

"ಕಡಲೆಕಾಳಿಗೂ ಅಷ್ಟು ಬೇಡ ಕಣೇ."

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಎಲ್ಲರೆದುರು ಮಿಶ್ರಣವನ್ನು ಸ್ಟೀಲ್ ಲೋಟಕ್ಕೆ ಸುರಿಯುವಾಗ ಒಂದಿಷ್ಟು ಬೆಂಚಿನ ಮೇಲೆ ಚೆಲ್ಲಿತು. ನಿಂಬೆರಸ ಹಿಂಡಿದೆ. ಬುಸ್ಸೆಂದು ನೊರೆ ಎದ್ದಿತು.

"ಜೀವ!" ಎಂದರು ಅಪ್ಪ.

"ಅಲ್ಲಪ್ಪ. ಈ ಮಣ್ಣಲ್ಲಿ ಜೀವ ಏನೂ ಇಲ್ಲ, ನಾನೇ ಬೇಯಿಸಿದೀನಿ. ಆದ್ರೂ ಗುಳ್ಳೆ ಬಂತು. ಮಂಗಳದಲ್ಲಿ ಕಂಡಿರೋದೂ ಹೀಗೇ ಇದ್ರೂ ಇರಬಹುದು."

ಅಂಕಲ್ ತೊಡೆ ತಟ್ಟಿಕೊಂಡರು. "ಆರ್ಡರ್ ಪಾಸಾಯ್ತು ಮೇಷ್ಟ್ರೇ!"

"ಒಂದ್ನಿಮಿಷ," ಎಂದ ಅಪ್ಪ ಬೆಂಚಿನತ್ತ ಬಾಗಿದರು. "ಇದೇನಿದು?"

ಚೆಲ್ಲಿದ ಪುಡಿಗೆ ಇರುವೆಗಳು ಸಾಲುಗಟ್ಟಿದ್ದವು. ಒಂದೊಂದೂ ಬಿಳಿಯ ಕಣ ಹೊತ್ತು ಹೊರಟಿತ್ತು. ಆಗ ನೆನಪಾಯಿತು: ಇರುವೆಗಳಿಗೆ ಆಹಾರವಾಗಲೆಂದು ಅಮ್ಮ ರಂಗೋಲಿ ಪುಡಿಗೆ ಅಕ್ಕಿಹಿಟ್ಟು ಬೆರೆಸುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇನೆ. ಮಣ್ಣನ್ನು ಆರು ವಿಷಲ್ ಬೇಯಿಸಿದ ನಾನು ಪುಡಿಯನ್ನು ಡಬ್ಬಿಯಿಂದ ನೇರ ಸುರಿದಿದ್ದೆ.

"ಸತ್ತ ಮಣ್ಣು ಅಂದ್ಯಲ್ಲಮ್ಮ," ಎಂದರು ಅಪ್ಪ. "ಸಂಸಾರ ಸಮೇತ ಬಂದಿವೆ, ನೋಡು."

ಎಲ್ಲರೂ ನಕ್ಕರು. ಅಂಕಲ್ ಕಣ್ಣಲ್ಲೂ ನೀರು ಬಂತು. ಇಲ್ಲಿಗೆ ನಿಲ್ಲಿಸಿದ್ದರೆ ಅಪ್ಪ ಗೆದ್ದಂತೆಯೇ ಲೆಕ್ಕ. ಆದರೆ ನಗು ತಗ್ಗಿದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು.

"ಇವು ಇಲ್ಲಿನ ಇರುವೆ ಅಪ್ಪ. ತಪ್ಪು ನಂದು, ಹಿಟ್ಟು ಅಮ್ಮಂದು. ಅಲ್ಲಿನ ಮಣ್ಣು ಇಲ್ಲಿಗೆ ಬಂದ್ರೂ ಇದೇ ಪಾಡು. ಸಿಕ್ಕಿದ್ದು ಅಲ್ಲಿಂದು ಹೌದೋ, ನಾವೇ ಅಂಟಿಸಿದ್ದೋ ಅಂತ ನೋಡ್ಬೇಕು. ಜೀವ ಇತ್ತು ಅಂತ ನಾನು ಹೇಳೋಕಾಗಲ್ಲ. ಇರ್ಲಿಲ್ಲ ಅಂತಾನೂ."

ಪಂಥ ಪಂಥವೇ. ಅಪ್ಪ ಪೇಪರನ್ನು ನೀಟಾಗಿ ಮಡಚಿ ಅಂಕಲ್ ಕೈಗಿತ್ತು, ಬೆಂಚಿನ ತುದಿಗೆ ಸರಿದು ಕೂತರು.

ಅಂಕಲ್ ಪೇಪರ್ ಬಿಡಿಸಿದರು. ಹತ್ತಿರ ಹಿಡಿದರು, ದೂರ ಹಿಡಿದರು. "ಥತ್, ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ. ನೀವೇ ಓದಿ ಮೇಷ್ಟ್ರೇ. ನಾಳೆಯಿಂದ ನೋಡೋಣ."

ಅಪ್ಪ ಗಂಟಲು ಸರಿಮಾಡಿಕೊಂಡರು.

ಆ ನಾಳೆ ಇನ್ನೂ ಬಂದಿಲ್ಲ. ಅಂದು ಅಂಕಲ್ ಶರ್ಟಿನ ಜೇಬು ಉದ್ದಕ್ಕೆ ಉಬ್ಬಿತ್ತು. ಅದು ಕನ್ನಡಕದ ಡಬ್ಬಿ ಇರಬಹುದು. ಖಚಿತವಾಗಿ ಹೇಳುವಷ್ಟು ಸಾಕ್ಷಿ ನನ್ನಲ್ಲಿಲ್ಲ.